ಬಿಸಿಲು, ಚಳಿ, ಮೋಡ: ಹುಳದ ಲೆಕ್ಕವೇ ಬೇರೆ

ಗೊಬ್ಬರದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಹುಳದ ಬಗ್ಗೆ ಈ ಕೆಳಗಿನ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಯಾವುದೂ ಪೂರ್ತಿ ಸುಳ್ಳಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಉಳಿದುಕೊಂಡಿವೆ.

ತಪ್ಪು ಕಲ್ಪನೆ: ಮೊಟ್ಟೆಯಿಂದ ಪತಂಗವಾಗಲು ಹುಳಕ್ಕೆ ಇಂತಿಷ್ಟೇ ದಿನ ಬೇಕು.

ವಾಸ್ತವ: ಕೀಟಗಳಿಗೆ ನಮ್ಮಂತೆ ಸ್ಥಿರವಾದ ಮೈಬಿಸಿ ಇಲ್ಲ. ಅವು ಬೆಳೆಯುವುದು ಕೂಡಿಬಂದ ಶಾಖದ ಲೆಕ್ಕದ ಮೇಲೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, ದೇಶದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವನ್ನೇ ನೋಡಿ. ಉಷ್ಣಾಂಶ ಸುಮಾರು 12.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಡಿಗ್ರಿಗಳನ್ನು ದಿನದಿನವೂ ಕೂಡುತ್ತ ಹೋಗಿ. ಮೊತ್ತ 390ರ ಆಸುಪಾಸಿಗೆ ಬಂದಾಗ ಮೊಟ್ಟೆ ಪತಂಗವಾಗಿರುತ್ತದೆ. ದಿನದ ಸರಾಸರಿ 30 ಡಿಗ್ರಿ ಇದ್ದರೆ 22 ದಿನ ಸಾಕು, 20 ಡಿಗ್ರಿಯಾದರೆ 50 ದಿನ ದಾಟುತ್ತದೆ. ಹೀಗಿರುವಾಗ ‘ಹದಿನೈದು ದಿನಕ್ಕೊಂದ್ಸಲ ಹೊಡೀರಿ’ ಎಂಬ ಸಲಹೆಯನ್ನು ಬೇಸಿಗೆಗೂ ಚಳಿಗಾಲಕ್ಕೂ ಒಂದೇ ಎಂಬಂತೆ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಸೆಕೆಯ ವಾರಗಳಲ್ಲಿ ಮೊಟ್ಟೆ ಎರಡು ಮೂರು ದಿನಕ್ಕೇ ಒಡೆಯುತ್ತದೆ. ಮರಿಗಳು ಎಲೆಯ ಹಸಿರು ಕೆರೆದು ತಿನ್ನುವ ಹಂತದಲ್ಲಿ ಸಿಕ್ಕರೆ ಸರಿ. ಸುಳಿಯೊಳಗೆ ಇಳಿದು, ಒದ್ದೆ ಮರದ ಪುಡಿಯಂಥ ಹಿಕ್ಕೆಯನ್ನು ಮೇಲೆ ತುಂಬಿಕೊಂಡು ಕೂತಿತೆಂದರೆ ಔಷಧ ಅದನ್ನು ಮುಟ್ಟುವುದೇ ಕಷ್ಟ.

ತಪ್ಪು ಕಲ್ಪನೆ: ಬಿಸಿ ಏರಿದಷ್ಟೂ ಹುಳು ಹೆಚ್ಚುತ್ತದೆ.

ವಾಸ್ತವ: ಒಂದು ಹಂತದವರೆಗೆ ಮಾತ್ರ. ಇದೇ ಸೈನಿಕ ಹುಳುವಿನ ಮರಿಗಳು ಅತಿ ಹೆಚ್ಚು ಬದುಕುವುದು 26ರಿಂದ 30 ಡಿಗ್ರಿಯೊಳಗೆ; ಅಲ್ಲಿಂದ ಮೇಲೆ ಹೋದರೆ ಬೇಗ ಬೆಳೆದರೂ ಸಾಯುವವು ಹೆಚ್ಚು. ಬಿಸಿಯ ಜೊತೆ ಹುಳದ ಏಳಿಗೆ ಏರುವಾಗ ನಿಧಾನ, ಮಿತಿ ದಾಟಿ ಇಳಿಯುವಾಗ ದಿಢೀರ್. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರದ ಪ್ರಕಾರ, ಭೂಮಿಯ ಉಷ್ಣಾಂಶ ಒಂದೊಂದು ಡಿಗ್ರಿ ಏರಿದಾಗಲೂ ಭತ್ತ, ಮೆಕ್ಕೆಜೋಳ, ಗೋಧಿಯಲ್ಲಿ ಕೀಟಗಳಿಂದಾಗುವ ನಷ್ಟ ಶೇ 10ರಿಂದ 25ರಷ್ಟು ಹೆಚ್ಚಬಹುದು. ಆದರೆ ಆ ಪೆಟ್ಟು ಜೋರಾಗಿ ಬೀಳುವುದು ಈಗ ತಂಪಾಗಿರುವ ನಾಡುಗಳಿಗೆ. ನಮ್ಮಂಥ ಉಷ್ಣವಲಯದ ಹುಳುಗಳು ಆಗಲೇ ತಮಗೆ ಹಿತವಾದ ಬಿಸಿಯ ಹತ್ತಿರ ಇವೆ.

ಹಾಗಂತ ‘ನಲವತ್ತು ಡಿಗ್ರಿ ಬಿಸಿಲಿಗೆ ಹುಳ ಉಳಿಯುತ್ತಾ?’ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ನಲವತ್ತು ಎನ್ನುವುದು ಹವಾಮಾನ ಕೇಂದ್ರದ ಪೆಟ್ಟಿಗೆಯೊಳಗಿನ ಮಾತು. ಒತ್ತಾಗಿ ನಾಟಿ ಮಾಡಿ ನೀರು ನಿಲ್ಲಿಸಿದ ಭತ್ತದ ಬುಡದಲ್ಲಿ, ಕಂದು ಜಿಗಿಹುಳು ಕೂತು ರಸ ಹೀರುವ ಜಾಗದಲ್ಲಿ, ಅಷ್ಟು ಸೆಕೆ ಇರುವುದಿಲ್ಲ.

ತಪ್ಪು ಕಲ್ಪನೆ: ಚಳಿ ಬಿತ್ತು, ಇನ್ನು ಕೀಟದ ಕಾಟ ಇಲ್ಲ.

ವಾಸ್ತವ: ಉತ್ತರ ಕರ್ನಾಟಕದಲ್ಲಿ ಹಿಂಗಾರಿ ಕುಸುಬೆ ಬೆಳೆಯುವವರ ಮುಂದೆ ಈ ಮಾತಾಡಿ ನೋಡಿ. ಕುಸುಬೆಗೆ ಮುತ್ತುವ ಸಸ್ಯಹೇನಿಗೆ ತಂಪೇ ಇಷ್ಟ. ಗಂಡಿನ ಹಂಗಿಲ್ಲದೆ, ಮೊಟ್ಟೆಯನ್ನೂ ಇಡದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ಸುಮಾರು ಒಂದು ವಾರಕ್ಕೆ ಆ ಮರಿಯೂ ತಾಯಿ.

ತಪ್ಪು ಕಲ್ಪನೆ: ಮೋಡ ಕವಿದರೆ ತೊಗರಿಗೆ ಹುಳು ಉದುರುತ್ತದೆ.

ವಾಸ್ತವ: ಕಲಬುರಗಿ ಕಡೆಯ ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹುಳು ಮೋಡದಿಂದ ಬರುವುದಿಲ್ಲ ನಿಜ. ಕಾಯಿಕೊರಕದ ಪತಂಗ ಮೊಗ್ಗು, ಹೂವಿನ ಮೇಲೆ ಮೊದಲೇ ಮೊಟ್ಟೆ ಇಟ್ಟಿರುತ್ತದೆ. ಆಕಾಶ ತಿಳಿಯಾಗಿದ್ದರೆ ನೆಲದ ಬಿಸಿ ರಾತ್ರಿ ಮೇಲೆ ಹಾರಿಹೋಗಿ ಚಳಿ ಹೆಚ್ಚುತ್ತದೆ, ಮೊಟ್ಟೆ ಮರಿಗಳ ಬೆಳವಣಿಗೆ ನಿಧಾನವಾಗುತ್ತದೆ. ಮೋಡವಿದ್ದರೆ ರಾತ್ರಿಯೂ ಬೆಚ್ಚಗಿದ್ದು, ಶಾಖದ ಜಮಾ ಕತ್ತಲಲ್ಲೂ ನಡೆಯುತ್ತದೆ. ರೈತರು ಕಂಡದ್ದು ಸರಿ, ಕಾರಣ ಬೇರೆ. ಅಂಥ ದಿನಗಳಲ್ಲಿ ಗಿಡದ ಬುಡಕ್ಕೆ ತಾಡಪಾಲು ಹಾಸಿ ಅಲ್ಲಾಡಿಸಿದರೆ ಎಷ್ಟು ಹುಳು ಇದೆ ಎಂಬುದು ಕಣ್ಣಿಗೇ ಕಾಣುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಥರ್ಮಾಮೀಟರ್ ಒಂದಿದ್ದರೆ ಎಲ್ಲ ಹುಳುವಿನ ದಿನವನ್ನೂ ಹೇಳಬಹುದು.

ವಾಸ್ತವ: ಶೇಂಗಾ ತಿನ್ನುವ ಕೆಂಪು ತಲೆ ಕಂಬಳಿ ಹುಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಕೋಶ ಹಲವು ತಿಂಗಳು ಮಣ್ಣಲ್ಲಿ ಸುಮ್ಮನೆ ಮಲಗಿರುತ್ತದೆ, ಬೇಸಿಗೆಯ ಬಿಸಿಗೂ ಏಳುವುದಿಲ್ಲ. ಮುಂಗಾರಿನ ಜೋರು ಮಳೆ ನೆಲ ತೋಯಿಸಿದ ಮೇಲೆ ಪತಂಗಗಳು ಗುಂಪಾಗಿ ಹೊರಬರುತ್ತವೆ. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಬೇಕು, ಮಳೆ ಬಿದ್ದ ಮೇಲಿನ ಸಂಜೆಗಳಲ್ಲಿ ಬದುವಿನ ಮೇಲೆ ದೀಪದ ಬಲೆ ಇಡಬೇಕು.