ಟ್ರೌಟ್ ಮೀನಿನ ಗಾಳಕ್ಕಾಗಿ ಒಂದು ರಾತ್ರಿಯ ನದೀಯಾನ: ಪೂರ್ವಸಿದ್ಧತೆಯ ಕ್ರಮ

ಹೊಳೆಯ ಮೇಲ್ಗಡೆಯ ಒಂದು ಕಡವಿನಲ್ಲಿ ದೋಣಿಯನ್ನು ನೀರಿಗಿಳಿಸಿ, ಪ್ರವಾಹದೊಡನೆ ತೇಲುತ್ತ, ಅಲ್ಲಲ್ಲಿ ದಡಕ್ಕೆ ನಿಂತು ಗಾಳ ಹಾಕಿ, ರಾತ್ರಿಯನ್ನು ತೀರದಲ್ಲಿಯೇ ಕಳೆದು, ಮರುದಿನ ಕೆಳಗಡೆಯ ಮತ್ತೊಂದು ಕಡವಿನಲ್ಲಿ ಇಳಿಯುವ ಪದ್ಧತಿಯು ಅಮೆರಿಕ ದೇಶದ ಪಶ್ಚಿಮ ಸಂಸ್ಥಾನಗಳಲ್ಲಿ ಬಹಳವಾಗಿ ರೂಢಿಯಲ್ಲಿರುವುದು. ಹೀಗೆ ಹೋಗುವವರು ಮುಖ್ಯವಾಗಿ ಹಿಡಿಯುವುದು ಟ್ರೌಟ್ ಎಂಬ ಮೀನನ್ನು. ಇದು ತಣ್ಣೀರಿನ ಮೀನಾದುದರಿಂದ ನಮ್ಮ ಬಯಲುಸೀಮೆಯ ಹೊಳೆಗಳಲ್ಲಿ ಬದುಕಲಾರದು. ನಮ್ಮ ದೇಶದಲ್ಲಿ ನೀಲಗಿರಿ, ಕಾಶ್ಮೀರ ಮುಂತಾದ ತಂಪು ಪ್ರದೇಶಗಳ ತೊರೆಗಳಲ್ಲಿರುವ ಟ್ರೌಟ್ ಮೀನುಗಳು ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಹೊರಗಿನಿಂದ ತಂದು ಬಿಡಲ್ಪಟ್ಟ ತಳಿಯ ಸಂತಾನವಾಗಿರುವುವು.

ಈ ಯಾನವು ವಿನೋದಕ್ಕಾಗಿಯೇ ಏರ್ಪಟ್ಟುದಾದರೂ, ಒಂದೇ ಹೊಳೆಯನ್ನು ಬೇಸಾಯಗಾರ, ಮೀನುಗಾರ, ಅಣೆಕಟ್ಟಿನವರು ಮತ್ತು ತೀರದ ಜಮೀನಿನ ಒಡೆಯರು ಹೇಗೆ ಹಂಚಿಕೊಂಡು ಬಳಸುವರೆಂಬುದು ಇದರಿಂದ ಸ್ಪಷ್ಟವಾಗುವುದು. ಆದುದರಿಂದ ಹೊಳೆಯ ದಡದಲ್ಲಿ ಭೂಮಿಯುಳ್ಳ ನಮ್ಮ ವಾಚಕರಿಗೂ ಈ ವಿಷಯವು ಅನುಪಯುಕ್ತವಾಗದು. ಮೊದಲನೆಯ ಸಲ ಹೊರಡುವವನು ಮುಖ್ಯವಾಗಿ ತಿಳಿಯತಕ್ಕದ್ದು ಇಷ್ಟೆ: ಹೊಳೆಯು ಒಂದೇ ದಿಕ್ಕಿಗೆ ಹರಿಯುವುದು. ಬಂಡಿಯನ್ನು ನಡುದಾರಿಯಲ್ಲಿ ತಿರುಗಿಸುವಂತೆ ದೋಣಿಯನ್ನು ಹಿಂದಿರುಗಿಸಲು ಸಾಧ್ಯವಿಲ್ಲ. ಆದಕಾರಣ ಮರೆತ ವಸ್ತುವನ್ನಾಗಲಿ, ತಪ್ಪಿದ ಲೆಕ್ಕವನ್ನಾಗಲಿ ಮೇಲಿನ ಕಡವಿನಲ್ಲಿಯೇ ಸರಿಪಡಿಸಿಕೊಳ್ಳಬೇಕು.

1. ಹೊಳೆಯನ್ನು ಆರಿಸುವುದು

ಹೆಸರುವಾಸಿಯಾದ ಹೊಳೆಗಳೆಲ್ಲ ಹೊಸಬರಿಗೆ ಯೋಗ್ಯವಾದುವಲ್ಲ. ಮಾಂಟಾನಾ ಸಂಸ್ಥಾನದ ಸ್ಮಿತ್ ನದಿಯಲ್ಲಿ ಕ್ಯಾಂಪ್ ಬೇಕರ್ ಎಂಬಲ್ಲಿ ದೋಣಿಯನ್ನು ಇಳಿಸಿದರೆ, 59 ಮೈಲಿ ಕೆಳಗೆ ಈಡನ್ ಸೇತುವೆಯ ಬಳಿ ಹೊರತು ನಡುವೆ ಸಾರ್ವಜನಿಕರು ದೋಣಿಯನ್ನು ಹೊರತೆಗೆಯುವ ಕಡವಿಲ್ಲ. ಸಾಮಾನ್ಯವಾಗಿ ನಾಲ್ಕು ದಿನಗಳ ಪ್ರಯಾಣವಾಗುವುದು. ಅಲ್ಲಿಗೆ ಹೋಗಲಿಚ್ಛಿಸುವವರು ಬಹಳ ಮಂದಿಯಾದುದರಿಂದ ಸರ್ಕಾರದವರು ಚೀಟಿ ಎತ್ತಿ ಅಪ್ಪಣೆ ಕೊಡುವರು.

ಇದಕ್ಕೆ ಪ್ರತಿಯಾಗಿ ಆರಿಗನ್ ಸಂಸ್ಥಾನದ ಡೆಶೂಟ್ಸ್ ನದಿಯಲ್ಲಿ ವಾರ್ಮ್ ಸ್ಪ್ರಿಂಗ್ಸ್ ಕಡವಿನಿಂದ ಟ್ರೌಟ್ ಕ್ರೀಕ್ ಕಡವಿನವರೆಗಿನ ಸುಮಾರು 10 ಮೈಲಿಯ ಭಾಗವು ಮೊದಲನೆಯ ಯಾನಕ್ಕೆ ಬಹಳ ಅನುಕೂಲವಾದುದು. ಈ ಭಾಗದಲ್ಲಿ ಸಣ್ಣ ಸುಳಿ ಮತ್ತು ಅಲೆಗಳಿರುವುವೇ ಹೊರತು ಭಯಂಕರವಾದ ಇಳಿಜಾರುಗಳಿಲ್ಲ. ಪೂರ್ವತೀರದ ಬಹುಭಾಗದಲ್ಲಿ ಕಾಲುದಾರಿಯಿರುವುದರಿಂದ, ದೋಣಿಗೆ ಅಪಾಯವಾದರೂ ನಡೆದು ಹೊರಗೆ ಬರಬಹುದು. ಹೊಸಬನಿಗೆ ಇಂಥ ಎರಡನೆಯ ದಾರಿಯುಳ್ಳ ಹೊಳೆಯೇ ಉತ್ತಮ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಟ್ರೌಟ್ ಕ್ರೀಕ್ ಕಡವಿನಿಂದ ಕೆಳಕ್ಕೆ 10 ಮೈಲಿಗೆ ಮೇಲ್ಪಟ್ಟ ದೂರದಲ್ಲಿ ವೈಟ್ ಹಾರ್ಸ್ ಎಂಬ ಪ್ರಬಲವಾದ ಬಂಡೆಗಳ ಇಳಿಜಾರಿರುವುದು. ಅಲ್ಲಿ ನುರಿತವರ ದೋಣಿಗಳೂ ಬಂಡೆಗೆ ಸಿಕ್ಕಿ ಮುಳುಗಿದುದುಂಟು. ಆದುದರಿಂದ ಇಳಿಯತಕ್ಕ ಕಡವನ್ನು ಯಾನಕ್ಕೆ ಮೊದಲೇ ರಸ್ತೆಯಿಂದ ಹೋಗಿ ಕಣ್ಣಾರೆ ನೋಡಿ, ನೀರಿನ ಮೇಲಿನಿಂದಲೂ ಗುರುತು ಹತ್ತುವ ಮರವನ್ನೋ ಗುಡ್ಡವನ್ನೋ ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

2. ನೀರಿನ ಪ್ರಮಾಣ

ಕನ್ನಂಬಾಡಿ ಕಟ್ಟೆಯ ನೀರನ್ನು ಕ್ಯೂಸೆಕ್ಸುಗಳಲ್ಲಿ ಹೇಳುವುದನ್ನು ವಾಚಕರು ಬಲ್ಲರು. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್ಸು. ಅಮೆರಿಕದ ಭೂಗರ್ಭ ಶಾಖೆಯವರು ಮುಖ್ಯವಾದ ನದಿಗಳಲ್ಲಿ ಅಳತೆಯ ಠಾಣೆಗಳನ್ನಿಟ್ಟು, ಈ ಲೆಕ್ಕವನ್ನು ದಿನವೂ ಪ್ರಕಟಿಸುತ್ತಿರುವರು. ಡೆಶೂಟ್ಸ್ ನದಿಯ ಈ ಭಾಗದ ಠಾಣೆಯು ಮದ್ರಾಸ್ ಎಂಬ ಊರಿನ ಸಮೀಪದಲ್ಲಿದೆ. ಇದು ನಮ್ಮ ಚೆನ್ನಪಟ್ಟಣವಲ್ಲ. ಆರಿಗನ್ನಿನದೇ ಒಂದು ಪಟ್ಟಣ. ನಮ್ಮ ಮದ್ರಾಸಿನ ಹತ್ತಿಬಟ್ಟೆಯಿಂದ ಅದಕ್ಕೆ ಈ ಹೆಸರು ಬಂದಿತೆಂದು ಹೇಳುವರು.

ಬೇಸಗೆಯಲ್ಲಿ ಇಲ್ಲಿ ಸುಮಾರು 4,000 ಕ್ಯೂಸೆಕ್ಸು ನೀರು ಹರಿಯುವುದು. ವರ್ಷದಲ್ಲಿ ಇದರ ಏರಿಳಿತ ಸ್ವಲ್ಪವೇ. ನದಿಯ ಮೇಲ್ಭಾಗವು ಜ್ವಾಲಾಮುಖಿಯ ರಂಧ್ರಮಯವಾದ ಶಿಲೆಯಿಂದಾಗಿರುವುದೇ ಇದಕ್ಕೆ ಕಾರಣ. ಮಳೆಯೂ ಹಿಮವೂ ಆ ಶಿಲೆಯಲ್ಲಿ ಇಂಗಿ, ಊಟೆಗಳ ರೂಪದಲ್ಲಿ ವರ್ಷವಿಡೀ ಸಮನಾಗಿ ಹೊರಬರುವುವು. ಬೇಸಗೆಯಲ್ಲಿ ಬೆಂಡ್ ಎಂಬ ಊರಿನ ಬಳಿ ಕಾಲುವೆಗಳು ಬಹಳ ನೀರನ್ನು ಎಳೆದುಕೊಳ್ಳುವುವು. 1949ರಲ್ಲಿ ಮುಗಿದ ವಿಕಿಅಪ್ ಕಟ್ಟೆಯ ನೀರು ಮದ್ರಾಸ್ ಸುತ್ತಿನ ಹೊಲಗಳಿಗೆ ಹೋಗುವುದು. ಆದರೂ ಅಲ್ಲಿಂದ ಕೆಳಗೆ ಊಟೆಗಳ ನೀರು ಸೇರಿ ನದಿಯನ್ನು ಮತ್ತೆ ತುಂಬಿಸುವುದು.

ಸ್ಮಿತ್ ನದಿಯ ಸ್ಥಿತಿ ಬೇರೆ. ಅದಕ್ಕೆ ಹಿಮವು ಕರಗಿದ ನೀರೇ ಆಧಾರ. ಹಿಮ ಮುಗಿದು, ಮೇಲಿನ ರೈತರು ಹುಲ್ಲುಗಾವಲುಗಳಿಗೆ ನೀರು ಕಟ್ಟತೊಡಗಿದ ಮೇಲೆ, ಸಾಮಾನ್ಯವಾಗಿ ಜುಲೈ ತಿಂಗಳ ಹೊತ್ತಿಗೆ ದೋಣಿಯು ಕಲ್ಲಿಗೆ ತಾಗುವಷ್ಟು ನೀರು ಇಳಿದುಹೋಗುವುದು. ತಿಂಗಳುಗಳ ಮುಂಚೆ ಗೊತ್ತುಮಾಡಿದ ತೇದಿಯನ್ನು ನಂಬಿ ಹೊರಡದೆ, ಹೊರಡುವ ವಾರದ ಅಳತೆಯನ್ನು ನೋಡಿಯೇ ನಿಶ್ಚಯಿಸತಕ್ಕದ್ದು.

3. ದೂರ ಮತ್ತು ಕಾಲದ ಲೆಕ್ಕ

ಹೊಸಬರು ಸಾಮಾನ್ಯವಾಗಿ ಇಲ್ಲಿಯೇ ತಪ್ಪುವರು. ಪ್ರವಾಹವು ಗಂಟೆಗೆ 4 ಮೈಲಿ ಸಾಗಿದರೆ 10 ಮೈಲಿಯನ್ನು ಎರಡೂವರೆ ಗಂಟೆಯಲ್ಲಿ ಮುಗಿಸಬಹುದು. ಹಾಗಿರುವಾಗ ರಾತ್ರಿ ತಂಗುವುದೇಕೆಂದು ತೋರಬಹುದು. ಆದರೆ ಡೆಶೂಟ್ಸ್ ನದಿಯಲ್ಲಿ ತೇಲುತ್ತಿರುವ ದೋಣಿಯಿಂದ ಗಾಳ ಹಾಕುವುದು ನಿಷಿದ್ಧ. ಮೀನು ಹಿಡಿಯುವವನು ದೋಣಿಯಿಂದಿಳಿದು, ದಡದಲ್ಲಿಯೋ ನೀರಿನಲ್ಲಿಯೋ ನಿಂತು ಹಾಕಬೇಕು. ಒಂದೊಂದು ತಾಣದಲ್ಲಿ ಒಂದು ಗಂಟೆಯಂತೆ ದಿನಕ್ಕೆ ನಾಲ್ಕು ತಾಣಗಳಲ್ಲಿ ನಿಂತರೆ 5 ಮೈಲಿಗೇ ದಿನವು ಸರಿಹೋಗುವುದು. ಇದಲ್ಲದೆ, ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬಲವಾದ ಗಾಳಿ ಬೀಸುವುದುಂಟು. ಆಗ ಹುಟ್ಟು ಹಾಕಿದರೂ ದೋಣಿಯು ನಿಂತಲ್ಲಿಯೇ ನಿಲ್ಲುವುದು. ಆದುದರಿಂದ ಬೆಳಗ್ಗೆಯೇ ಹೊರಟು, ಮೂರು ಗಂಟೆಯೊಳಗಾಗಿ ಬಿಡಾರದ ಸ್ಥಳವನ್ನು ಹಿಡಿಯುವುದು ಲೇಸು.

ಮೋಟಾರು ವಾಹನವು ಮೇಲಿನ ಕಡವಿನಲ್ಲಿಯೇ ಉಳಿದರೆ ಕೆಳಗೆ ಇಳಿದವನು ಅಲ್ಲಿಯೇ ನಿಲ್ಲಬೇಕಾಗುವುದು. ಅದನ್ನು ಕೆಳಗಿನ ಕಡವಿಗೆ ಸಾಗಿಸಲು ಅಲ್ಲಿಯವರನ್ನು ಕೂಲಿಗೆ ಗೊತ್ತುಮಾಡಿ, ಬೀಗದ ಕೈಯ ವಿಷಯವನ್ನು ಸ್ಪಷ್ಟಪಡಿಸಿಕೊಂಡಿರಬೇಕು. ದೋಣಿಯ ಪಾಸನ್ನೂ ಮುಂಚಿತವಾಗಿಯೇ ಪಡೆಯತಕ್ಕದ್ದು. ಬೇಸಗೆಯ ಜನಸಂದಣಿಯ ದಿನಗಳಲ್ಲಿ ಪಾಸುಗಳ ಸಂಖ್ಯೆಗೆ ಮಿತಿಯುಂಟು. ಮೀನು ಹಿಡಿಯುವ ಲೈಸೆನ್ಸ್ ಪ್ರತ್ಯೇಕವಾದುದು.

4. ದೋಣಿಯೂ ಸಾಮಾನೂ

ಇಂಥ ಯಾನಕ್ಕೆ ಹೆಚ್ಚಾಗಿ ಬಳಸುವುದು ಗಾಳಿ ತುಂಬಿದ, 13–14 ಅಡಿ ಉದ್ದದ ರಾಫ್ಟನ್ನು. ಇದು ಕಲ್ಲಿಗೆ ತಾಗಿದರೆ ಒಡೆಯದೆ ಪುಟಿಯುವುದು. ನಮ್ಮ ಕಾವೇರಿಯ ಹರಿಗೋಲನ್ನು ಒಂದೇ ಹುಟ್ಟಿನಿಂದ ನಡೆಸುವರು; ರಾಫ್ಟಿನಲ್ಲಿ ಎರಡು ಪಕ್ಕಗಳಿಗೂ ಒಂದೊಂದು ಉದ್ದವಾದ ಹುಟ್ಟಿರುವುದು. ನಡೆಸುವವನು ಪ್ರವಾಹದ ಕಡೆಗೆ ಮುಖಮಾಡಿ ಕುಳಿತಿರುವನು. ಎದುರಿಗೆ ಬಂಡೆ ಕಂಡರೆ ಅದನ್ನು ದಾಟಿಬಿಡಬೇಕೆಂದು ಮುಂದಕ್ಕೆ ತಳ್ಳಕೂಡದು. ದೋಣಿಯ ಮೂತಿಯನ್ನು ಓರೆಯಾಗಿ ಬಂಡೆಯ ಕಡೆಗೆ ತಿರುಗಿಸಿ, ಹುಟ್ಟುಗಳನ್ನು ತನ್ನ ಕಡೆಗೆ ಎಳೆಯಬೇಕು. ಆಗ ದೋಣಿಯ ವೇಗವು ತಗ್ಗಿ, ಅದು ಬಂಡೆಯಿಂದ ಓರೆಯಾಗಿ ದೂರ ಸರಿಯುವುದು. ಇದನ್ನು ನಿಧಾನವಾಗಿ ಹರಿಯುವ ನೀರಿನಲ್ಲಿ ಅಭ್ಯಾಸಮಾಡಿಯೇ ಹೊರಡತಕ್ಕದ್ದು.

ಭಾರವಾದ ಸಾಮಾನನ್ನು ನಡುವೆ, ತಗ್ಗಾಗಿ ಇಟ್ಟು, ಪ್ರತಿಯೊಂದನ್ನೂ ಕಟ್ಟಬೇಕು. ಹೊದಿಕೆ, ಒಣಬಟ್ಟೆ ಮತ್ತು ಬೆಂಕಿಪೆಟ್ಟಿಗೆಗಳು ನೀರು ಸೇರದ ಚೀಲದಲ್ಲಿರಬೇಕು. ರಾತ್ರಿಯ ಹೊದಿಕೆ ನೆನೆದರೆ ವಿನೋದವೆಲ್ಲ ವ್ಯಥೆಯಾಗುವುದು. ಹೆಚ್ಚಿನ ಒಂದು ಹುಟ್ಟು, ಗಾಳಿ ಹಾಕುವ ಪಂಪು, ತೇಪೆಯ ಸಾಮಾನು, ಔಷಧಿಯ ಪೆಟ್ಟಿಗೆ, ಎಸೆಯುವ ಹಗ್ಗ ಇವು ಅತ್ಯವಶ್ಯಕ.

ತೇಲುವ ಅಂಗಿಯನ್ನು, ಎಂದರೆ ಲೈಫ್ ಜಾಕೆಟ್ಟನ್ನು, ದೋಣಿಯಲ್ಲಿಡುವುದು ಸಾಲದು; ಮೈಮೇಲೆ ತೊಟ್ಟು ಬಿಗಿಯಬೇಕು. ತಣ್ಣೀರಿಗೆ ಥಟ್ಟನೆ ಬಿದ್ದವನು ತನ್ನ ಇಚ್ಛೆಯಿಲ್ಲದೆಯೇ ಏದುಸಿರೆಳೆಯುವನು. ಆಗ ಬಾಯಿ ನೀರಿನೊಳಗಿದ್ದರೆ ಈಜುಬಲ್ಲವನೂ ಮುಳುಗುವನು. ಕೆಲವು ನಿಮಿಷಗಳಲ್ಲಿಯೇ ಕೈಬೆರಳುಗಳು ಮರಗಟ್ಟಿ ಹಗ್ಗವನ್ನು ಹಿಡಿಯಲಾರವು. ನೀರಿನಲ್ಲಿ ನಿಲ್ಲಲು ತೊಡುವ ಎದೆಮಟ್ಟದ ವೇಡರ್ ಎಂಬ ಉಡುಪಿನ ಮೇಲೆ ಸೊಂಟಪಟ್ಟಿಯನ್ನು ಬಿಗಿಯದಿದ್ದರೆ, ಬಿದ್ದಾಗ ಒಳಗೆ ನೀರು ತುಂಬಿ ಏಳಲು ಕಷ್ಟವಾಗುವುದು.

5. ಗಾಳವೂ ಕೀಟಗಳೂ

ಟ್ರೌಟ್ ಮೀನಿನ ಮುಖ್ಯ ಆಹಾರವು ನೀರಿನ ಕೀಟಗಳು. ಗಾಳದ ಮುಳ್ಳಿಗೆ ಗರಿ, ಕೂದಲು, ನೂಲುಗಳನ್ನು ಸುತ್ತಿ ಕೀಟದ ರೂಪವನ್ನು ಕಟ್ಟುವರು. ಇದಕ್ಕೆ ಫ್ಲೈ ಎಂದು ಹೆಸರು. ಡೆಶೂಟ್ಸಿನಲ್ಲಿ ಪ್ರಸಿದ್ಧವಾದುದು ಸಾಮನ್ ಫ್ಲೈ ಎಂಬ ದೊಡ್ಡ ಕೀಟ. ಇದರ ಮರಿಯು ಮೂರು ನಾಲ್ಕು ವರ್ಷ ನೀರಿನ ಕಲ್ಲುಗಳ ಅಡಿಯಲ್ಲಿ ಬೆಳೆದು, ಮೇ ತಿಂಗಳ ನಡುವಿನಿಂದ ಜೂನ್ ಮೊದಲ ಭಾಗದವರೆಗೆ ದಡಕ್ಕೆ ತೆವಳಿ, ಪೊರೆಬಿಟ್ಟು, ರೆಕ್ಕೆಯುಳ್ಳ ಕೀಟವಾಗುವುದು. ದಡದ ಹುಲ್ಲಿನಿಂದ ಇವು ನೀರಿಗೆ ಉದುರಿದಾಗ ಮೀನುಗಳು ದಡದ ಮಗ್ಗುಲಿಗೇ ಬಂದು ಕಾಯುವುವು. ಆದಕಾರಣ ಆ ಕಾಲದಲ್ಲಿ ದೂರಕ್ಕೆ ಬೀಸುವವನಿಗಿಂತ, ದಡದ ಅಂಚಿನಲ್ಲಿ ಮರದ ನೆರಳಿಗೆ ಮೆಲ್ಲನೆ ಇಳಿಬಿಡುವವನಿಗೇ ಫಲ ಹೆಚ್ಚು. ಉಳಿದ ಕಾಲದಲ್ಲಿ ಮರಿಹುಳುವಿನ ರೂಪದ ಗಾಳವನ್ನು ತಳದ ಸಮೀಪದಲ್ಲಿ ಪ್ರವಾಹದ ವೇಗಕ್ಕೆ ಸರಿಯಾಗಿ ತೇಲಿಬಿಡುವರು.

ನೀರಿನ ಉಷ್ಣತೆಯು ಸುಮಾರು 20 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದರೆ ಟ್ರೌಟಿಗೆ ಉಸಿರಾಟವೇ ಕಷ್ಟವಾಗುವುದು. ಆಗ ಹಿಡಿದುಬಿಟ್ಟ ಮೀನೂ ಸಾಯಬಹುದಾದುದರಿಂದ ಗಾಳವನ್ನು ನಿಲ್ಲಿಸತಕ್ಕದ್ದು. ಬಿಡತಕ್ಕ ಮೀನನ್ನು ಒದ್ದೆಯ ಕೈಯಿಂದ ಹಿಡಿದು, ನೀರಿನಲ್ಲಿಯೇ ಮುಳ್ಳನ್ನು ತೆಗೆಯಬೇಕು. ಒಣಕೈಗೆ ಅದರ ಮೈಲೋಳೆ ಅಂಟಿಹೋಗಿ, ಮೀನಿಗೆ ರೋಗ ತಗಲುವ ಸಂಭವವುಂಟು.

6. ಬಿಡಾರ ಮತ್ತು ಬೆಂಕಿ

ಬಿಡಾರವನ್ನು ಗೊತ್ತಾದ ಸ್ಥಳಗಳಲ್ಲಿ ಮಾತ್ರ ಹೂಡತಕ್ಕದ್ದು. ದೋಣಿಯನ್ನು ದಡದ ಮೇಲಕ್ಕೆಳೆದು ಎರಡು ಕಡೆ ಕಟ್ಟಬೇಕು. ರಾತ್ರಿಯಲ್ಲಿ ದೋಣಿ ತೇಲಿಹೋದರೆ ಅದರೊಡನೆ ಆಹಾರವೂ ಹೋಗುವುದು. ಆ ಕಣಿವೆಯಲ್ಲಿ ಗಿಲಿಕೆ ಹಾವುಗಳಿರುವುದರಿಂದ ಕಲ್ಲುಗಳ ಸಂದಿಯಲ್ಲಿ ಕೈಯಿಡಕೂಡದು. ಕತ್ತಲಲ್ಲಿ ದೀಪವಿಲ್ಲದೆ ನಡೆಯಕೂಡದು. ಮಲವನ್ನೂ ಕಸವನ್ನೂ ಮುಚ್ಚಳದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಗೆ ಒಯ್ಯತಕ್ಕದ್ದು. ಒಂದೇ ಸ್ಥಳದಲ್ಲಿ ವರ್ಷಕ್ಕೆ ಸಾವಿರಾರು ಮಂದಿ ತಂಗುವಾಗ ಹೂಳುವುದರಿಂದ ನೆಲವೂ ನೀರೂ ಕೆಡುವುವು.

ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಇಲ್ಲಿ ಸೌದೆಯ ಬೆಂಕಿಯನ್ನು ಹಚ್ಚಕೂಡದು. ಇದು ಕೇವಲ ಕಾಗದದ ಮೇಲಿನ ನಿಯಮವಲ್ಲ. 2018ರ ಜುಲೈ ತಿಂಗಳಲ್ಲಿ ಇದೇ ನದಿಯ ಕೆಳಭಾಗದ ಸೀಮೆಯಲ್ಲಿ ಹತ್ತಿದ ಬೆಂಕಿಯು ಗಾಳಿಗೆ ಸಿಕ್ಕಿ, 75,000 ಎಕರೆಗೂ ಮಿಕ್ಕ ನೆಲವನ್ನು ಸುಟ್ಟಿತು. ಕೊಯ್ಲಿಗೆ ಬಂದಿದ್ದ ಗೋಧಿಯ ಹೊಲಗಳು ಬೂದಿಯಾದುವು. ಬೆಂಕಿಯನ್ನು ತಡೆಯಲು ಟ್ರಾಕ್ಟರಿನಿಂದ ನೆಲವನ್ನು ಉಳುತ್ತಿದ್ದ ಒಬ್ಬ ಬೇಸಾಯಗಾರನು ಪ್ರಾಣ ಬಿಟ್ಟನು. ಅದು ಯಾರೋ ಬೇಕೆಂದೇ ಹಚ್ಚಿದ ಬೆಂಕಿಯಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ನದೀಯಾನದವರ ಒಲೆಯಿಂದ ಹುಟ್ಟಿತೆಂದು ಹೇಳಲಿಲ್ಲ. ಆದರೂ ಒಣಗಿದ ಹುಲ್ಲಿಗೆ ಕಿಡಿಯು ಯಾರ ಕೈಯದೆಂಬ ಭೇದವಿಲ್ಲ. ಅಡಿಗೆಗೆ ಗ್ಯಾಸ್ ಒಲೆಯನ್ನು ಒಯ್ಯತಕ್ಕದ್ದು. ಅದಕ್ಕೂ ಆ ವಾರದಲ್ಲಿ ಅಪ್ಪಣೆಯಿದೆಯೇ ಎಂದು ವಿಚಾರಿಸಿಕೊಳ್ಳಬೇಕು.

7. ತೀರದ ಒಡೆತನ

ಈ ಭಾಗದ ಪಶ್ಚಿಮತೀರವು ವಾರ್ಮ್ ಸ್ಪ್ರಿಂಗ್ಸ್ ಪ್ರದೇಶದ ಮೂಲನಿವಾಸಿಗಳ ಸ್ವಂತ ಭೂಮಿ. 1855ರ ಒಡಂಬಡಿಕೆಯಲ್ಲಿ ಅವರು ವಿಸ್ತಾರವಾದ ಸೀಮೆಯನ್ನು ಬಿಟ್ಟುಕೊಟ್ಟು, ಈ ಭೂಮಿಯನ್ನೂ ಮೀನು ಹಿಡಿಯುವ ಹಕ್ಕನ್ನೂ ಉಳಿಸಿಕೊಂಡರು. ಆ ದಡದಲ್ಲಿ ಪರರು ಬಿಡಾರ ಹೂಡಕೂಡದು. ಅಲ್ಲಿ ಗಾಳ ಹಾಕುವುದಕ್ಕೆ, ಅನುಮತಿಯಿರುವ ಭಾಗದಲ್ಲಿಯೂ, ಆ ಜನರ ಅಪ್ಪಣೆಯ ಚೀಟಿ ಬೇಕು. ಪೂರ್ವತೀರದಲ್ಲಿ ಸರ್ಕಾರದ ನೆಲವಿದ್ದರೂ ಅಲ್ಲಲ್ಲಿ ಖಾಸಗಿ ಜಮೀನುಗಳುಂಟು. ಇವೆಲ್ಲವನ್ನೂ ತೋರಿಸುವ ನಕ್ಷೆಯು ದೋಣಿಯಲ್ಲಿರಲೇಬೇಕು.

ನೀರು ಎಲ್ಲರದೆಂದಮಾತ್ರಕ್ಕೆ ದಡವೂ ಎಲ್ಲರದಾಗುವುದಿಲ್ಲ. ತೀರದ ಒಡೆಯನ ಹೊಲವನ್ನು ತುಳಿಯದೆ, ಬೇಲಿಯನ್ನು ಕೀಳದೆ, ಕಸವನ್ನು ಬಿಡದೆ ಹೋಗುವ ಯಾತ್ರಿಕನಿಗೆ ಮುಂದಿನ ವರ್ಷವೂ ದಾರಿ ತೆರೆದಿರುವುದು. ಹಾಗೆಯೇ ಹೊಳೆಯ ನೀರನ್ನು ಮಿತವಾಗಿ ಬಳಸಿ, ದಡದ ಮರಗಳನ್ನು ಉಳಿಸಿಕೊಳ್ಳುವ ಜಮೀನುದಾರನಿಂದಲೇ ಮೀನಿಗೆ ತಂಪೂ ನೆರಳೂ ದೊರೆಯುವುವು.

ಮೇಲ್ಕಂಡ ಸಂಗತಿಗಳ ಸಾರವು ಹೀಗಿದೆ: ಸುಲಭವಾದ ಹೊಳೆಯನ್ನು ಆರಿಸುವುದು, ಆ ವಾರದ ನೀರಿನ ಅಳತೆಯನ್ನು ನೋಡುವುದು, ದಿನಕ್ಕೆ 5 ಮೈಲಿಗೆ ಮೀರದಿರುವುದು, ಇಳಿಯುವ ಕಡವನ್ನು ಮೊದಲೇ ಕಾಣುವುದು, ತೇಲುವ ಅಂಗಿಯನ್ನು ಕಳಚದಿರುವುದು, ಬೆಂಕಿಯನ್ನೂ ಪರರ ನೆಲವನ್ನೂ ಮುಟ್ಟದಿರುವುದು. ಇವುಗಳಲ್ಲಿ ಯಾವುದೊಂದು ಅನುಕೂಲಿಸದಿದ್ದರೂ ಯಾನವನ್ನು ಮತ್ತೊಂದು ವಾರಕ್ಕೆ ಮುಂದೂಡುವುದೇ ವಿವೇಕ. ಹೊಳೆಯೂ ಮೀನೂ ಆಗಲೂ ಇರುವುವು.