ಬೇಳೆ ಬೇಯದ ನೀರು ಗೀಸರನ್ನೂ ಬಿಡದು

ಗೀಸರಿನ ಕೆಂಪು ದೀಪ ಹತ್ತಿ ಐದಾರು ನಿಮಿಷಕ್ಕೇ ಆರುತ್ತದೆ. ನಳ ತಿರುವಿದರೆ ಬರುವುದು ಉಗುರುಬೆಚ್ಚಗಿನ ನೀರು. ತುಸು ಹೊತ್ತಿಗೆ ದೀಪ ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಗೀಸರ್ ಹಚ್ಚಿದ್ದೇ ತಡ, ಇಡೀ ಮನೆಯ ಕರೆಂಟೇ ಹೋಗುತ್ತದೆ. ಇಂಥ ಹೊತ್ತಿನಲ್ಲಿ ದೂರು ಬೀಳುವುದು ಸಾಮಾನ್ಯವಾಗಿ ಎರಡರ ಮೇಲೆ: ಒಂದು ಥರ್ಮೋಸ್ಟಾಟ್, ಇನ್ನೊಂದು ವೋಲ್ಟೇಜ್. ಆದರೆ ಗೀಸರನ್ನು ಆರಿಸುವ ಭಾಗ ತನ್ನ ಕೆಲಸವನ್ನು ಮಾಡುತ್ತಿದೆ, ಅಷ್ಟೆ. ಅದು ಯಾಕೆ ಆರಿಸಬೇಕಾಯಿತು ಎಂದು ಕೇಳುತ್ತ ಹೋದರೆ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಗೀಸರಿನ ಹೊಟ್ಟೆಯೊಳಗಿನ ನೀರನ್ನು.

ಆ ನೀರಿನ ಗುಣ ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ. ಗಡಸು ಬೋರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ನೂಲಿಗೆ ಬಣ್ಣ ಹಾಕುವವರಿಗೆ ಅದೇ ನೀರಿನಲ್ಲಿ ಬಣ್ಣ ಒಂದೇ ಸಮ ಹಿಡಿಸುವುದು ಕಷ್ಟ. ಮೂರಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇದೇ ಸೀಮೆಯ ಲೋಕಾಪುರದ ಸುತ್ತಮುತ್ತ ನೆಲದಡಿ ಸುಣ್ಣಕಲ್ಲು, ಡಾಲಮೈಟ್ ಹಾಸಿದೆ. ಎರೆಭೂಮಿಯನ್ನು ಅಗೆದಲ್ಲಿ ಸುಣ್ಣದ ಬಿಳಿ ಹರಳುಗಳು ಸಿಗುತ್ತವೆ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಇಳಿಯುವಾಗ ಈ ಸುಣ್ಣವನ್ನು ಬೈಕಾರ್ಬೊನೇಟಾಗಿ ಕರಗಿಸಿಕೊಳ್ಳುತ್ತದೆ. ಕಾಯಿಸಿದಾಗ ನಡೆಯುವುದು ಇದರ ಉಲ್ಟಾ: ಅನಿಲ ಹಾರಿಹೋಗಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಸುಣ್ಣ ಕಡಿಮೆ ಕರಗುತ್ತದೆ. ಹಾಗಾಗಿ ಗೀಸರಿನಲ್ಲಿ ಅತಿ ಹೆಚ್ಚು ಬಿಸಿಯಾಗುವ ಜಾಗ ಯಾವುದೋ, ಅಂದರೆ ಎಲಿಮೆಂಟಿನ ಮೈ, ಅಲ್ಲಿಗೇ ಅದು ಹೋಗಿ ಅಂಟುತ್ತದೆ.

ಎಷ್ಟು ಅಂಟೀತು? ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು. ನಡುವಿನ 400 ಎಂದು ಹಿಡಿಯೋಣ. ದಿನಕ್ಕೆ 100 ಲೀಟರ್ ಕಾಯಿಸುವ ಮನೆಯ ಗೀಸರಿನೊಳಗೆ ದಿನವೂ 40 ಗ್ರಾಂ ಸುಣ್ಣ ಹಾಯುತ್ತದೆ. ಅದರ ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಉಳಿದರೂ ವರ್ಷಕ್ಕೆ ಸುಮಾರು ಒಂದೂವರೆ ಕಿಲೋ. ತಾಮ್ರಕ್ಕೆ ಹೋಲಿಸಿದರೆ ಈ ಸುಣ್ಣದ ಪದರು ಶಾಖವನ್ನು ನೂರಾರು ಪಟ್ಟು ನಿಧಾನವಾಗಿ ದಾಟಿಸುತ್ತದೆ. ಎಲಿಮೆಂಟಿನ ಪ್ರತಿ ಚದರ ಸೆಂಟಿಮೀಟರಿನಿಂದ 10 ವ್ಯಾಟ್ ಹೊರಡುತ್ತದೆ ಎಂದು ಲೆಕ್ಕ ಹಾಕಿದರೆ, ಬರೀ ಒಂದು ಮಿಲಿಮೀಟರ್ ದಪ್ಪದ ಸುಣ್ಣ ಒಳಗಿನ ಲೋಹವನ್ನು ನೂರು ಡಿಗ್ರಿಯ ಆಸುಪಾಸು ಹೆಚ್ಚು ಬಿಸಿಯಾಗಿಸಬಲ್ಲದು.

ಸುಣ್ಣ ಕಟ್ಟಿದ ಗೀಸರು ಕರೆಂಟನ್ನು ವಿಪರೀತ ತಿನ್ನುತ್ತದೆ ಎಂಬ ಮಾತಿದೆ. ಅದು ಅಷ್ಟು ಸರಿಯಲ್ಲ. ಎಲಿಮೆಂಟ್ ನೀರಿನಲ್ಲಿ ಮುಳುಗಿಯೇ ಇರುವುದರಿಂದ ಅದರ ಶಾಖಕ್ಕೆ ಬೇರೆ ದಾರಿಯಿಲ್ಲ. ತಡವಾಗಿಯಾದರೂ ನೀರನ್ನೇ ಸೇರಬೇಕು. ತಾಮ್ರದ ಬಂಬಿನ ಕತೆ ಬೇರೆ. ಅದರ ನಡುವಿನ ಕೊಳವೆಗೆ ಸುಣ್ಣ ಹತ್ತಿದರೆ ಬೆಂಕಿಯ ಶಾಖ ನೀರಿಗಿಳಿಯದೆ ಹೊಗೆಯ ಜೊತೆ ಮೇಲೆ ಹೋಗುತ್ತದೆ, ಕಟ್ಟಿಗೆ ಹೆಚ್ಚು ಬೇಕಾಗುತ್ತದೆ. ಬಂಬಿನಲ್ಲಿ ಸುಣ್ಣದ ದಂಡವನ್ನು ಕಟ್ಟಿಗೆ ತೆರುತ್ತದೆ, ಗೀಸರಿನಲ್ಲಿ ಎಲಿಮೆಂಟಿನ ಆಯುಸ್ಸು ತೆರುತ್ತದೆ. ಬಿಲ್ಲು ಹೆಚ್ಚಾಗಿಲ್ಲ, ಹಾಗಾಗಿ ಒಳಗೆ ಸುಣ್ಣವಿಲ್ಲ ಎಂದು ನಿಶ್ಚಿಂತರಾಗಿರುವುದು ಇದೇ ಕಾರಣಕ್ಕೆ ತಪ್ಪು.

ಇನ್ನು ದೀಪ ಹತ್ತಿ ಆರುವ ಆಟ. ಉದ್ದ ಕಡ್ಡಿಯಂತಿರುವ ಥರ್ಮೋಸ್ಟಾಟಿನಲ್ಲಿ ಹೊರಗಿನ ಲೋಹದ ಕೊಳವೆ ಬಿಸಿಗೆ ಹಿಗ್ಗುತ್ತದೆ, ಒಳಗಿನ ಕಡ್ಡಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಆ ಕಡ್ಡಿಗೆ ಬಳಸುವ ಇನ್ವಾರ್ ಎಂಬ ಕಬ್ಬಿಣ-ನಿಕಲ್ ಮಿಶ್ರಲೋಹವನ್ನು ಶಾರ್ಲ್ ಗಿಯೋಮ್ 1896ರಲ್ಲಿ ಕಂಡುಹಿಡಿದರು; ಇಂಥ ಮಿಶ್ರಲೋಹಗಳ ಕೆಲಸಕ್ಕಾಗಿಯೇ 1920ರ ಭೌತವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ಎರಡರ ಹಿಗ್ಗುವಿಕೆಯ ವ್ಯತ್ಯಾಸವೇ ಸ್ವಿಚ್ಚನ್ನು ಎಳೆಯುತ್ತದೆ. ಈ ಕೊಳವೆ ಇರುವುದು ಎಲಿಮೆಂಟಿನ ಪಕ್ಕದಲ್ಲೇ. ಎರಡನ್ನೂ ಸೇರಿಸಿ ಸುಣ್ಣ ಗಡ್ಡೆ ಕಟ್ಟಿದರೆ ಥರ್ಮೋಸ್ಟಾಟಿಗೆ ತಿಳಿಯುವುದು ನೀರಿನ ಬಿಸಿಯಲ್ಲ, ಎಲಿಮೆಂಟಿನ ಬಿಸಿ. ನೀರು ಕಾದಿದೆ ಎಂದು ಅದು ತಪ್ಪು ತಿಳಿದು ಆರಿಸುತ್ತದೆ. ಸುಣ್ಣ ಕೊಳವೆಗೆ ಮಾತ್ರ ಕವಚವಾದರೆ ಆಗುವುದು ಇದಕ್ಕೆ ವಿರುದ್ಧ: ಸುದ್ದಿ ತಡವಾಗಿ ಮುಟ್ಟುತ್ತದೆ, ನೀರು ಅತಿಯಾಗಿ ಕಾಯುತ್ತದೆ, ಕೊನೆಗೆ ರಕ್ಷಣೆಗೆಂದು ಇಟ್ಟ ಥರ್ಮಲ್ ಕಟ್‌ಔಟ್ ಬೀಳುತ್ತದೆ. ಸುಣ್ಣ ತೆಗೆಯದೆ ಹೊಸ ಥರ್ಮೋಸ್ಟಾಟ್ ಕೂರಿಸಿದರೆ ಹೊಸದೂ ಅದೇ ಗಡ್ಡೆಯ ಪಕ್ಕ ಕೂತು ಅದೇ ತಪ್ಪು ಮಾಡುತ್ತದೆ.

ವೋಲ್ಟೇಜಿನ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವಿದ್ಯುತ್ ಮಗ್ಗಗಳ ಊರಿನಲ್ಲಿ ಅದು ಅನುಭವದಿಂದ ಬಂದ ಮಾತು. ವೋಲ್ಟೇಜ್ ಇಳಿದಾಗ ಮಗ್ಗದ ಮೋಟರ್ ಹೊರೆ ಎಳೆಯಲು ಹೆಚ್ಚು ಕರೆಂಟ್ ಸೆಳೆಯುತ್ತದೆ, ಕಾಯುತ್ತದೆ, ಟ್ರಿಪ್ ಆಗುತ್ತದೆ. ಗೀಸರಿನಲ್ಲಿರುವುದು ಮೋಟರಲ್ಲ, ಬರೀ ತಂತಿ. ಅದರ ಸ್ವಭಾವ ತದ್ವಿರುದ್ಧ. 230 ವೋಲ್ಟಿನಲ್ಲಿ 2000 ವ್ಯಾಟಿನ ಎಲಿಮೆಂಟ್ 8.7 ಆಂಪಿಯರ್ ಸೆಳೆದರೆ, 180 ವೋಲ್ಟಿನಲ್ಲಿ ಸೆಳೆಯುವುದು 6.8 ಮಾತ್ರ. ಶಕ್ತಿ 1225 ವ್ಯಾಟಿಗೆ ಇಳಿಯುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು 21 ನಿಮಿಷ ಬೇಕಿದ್ದದ್ದು 34 ನಿಮಿಷವಾಗುತ್ತದೆ. ಕಡಿಮೆ ವೋಲ್ಟೇಜ್ ನೀರನ್ನು ತಡವಾಗಿಸುತ್ತದೆ, ಗೀಸರನ್ನು ಬೀಳಿಸುವುದಿಲ್ಲ. ಕರೆಂಟ್ ಮಿತಿ ಮೀರಿದರೆ ಕಡಿಯುವ ಎಂಸಿಬಿ ಹತ್ತು ಹದಿನೈದು ನಿಮಿಷ ನಿಂತು ಬೀಳುತ್ತಿದ್ದರೆ ಪ್ಲಗ್ಗು, ಸಾಕೆಟ್ಟು, ಎಂಸಿಬಿಯ ತಿರುಪುಗಳನ್ನು ನೋಡಬೇಕು: ಸಡಿಲಾದ ಜೋಡಣೆ ತಾನೇ ಕಾದು ಕರ್ರಗಾಗುತ್ತದೆ.

ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಬಿದ್ದರೆ ಮಾತ್ರ ವಿಷಯ ಗಂಭೀರ. ಎಲಿಮೆಂಟಿನ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿ ತುಂಬಿ, ಮೇಲೆ ಲೋಹದ ಕವಚ ಹಾಕಿರುತ್ತಾರೆ. ಸುಣ್ಣದಡಿ ಬೆಂದು ಬೆಂದು ಕವಚ ಬಿರುಕು ಬಿಟ್ಟಿತೆಂದರೆ ನೀರು ಒಳನುಗ್ಗಿ ಕರೆಂಟ್ ನೀರಿಗೂ ಅರ್ಥಿಂಗಿಗೂ ಸೋರುತ್ತದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲಿ ಆರ್‌ಸಿಸಿಬಿ ಬೀಳುತ್ತದೆ. ಸೂಕ್ಷ್ಮ ಹೆಚ್ಚಾಯಿತು, ತೆಗೆಸಿಬಿಡೋಣ ಎನ್ನುವವರಿದ್ದಾರೆ. ಒದ್ದೆ ಮೈಯಲ್ಲಿ, ಒದ್ದೆ ನೆಲದ ಮೇಲೆ ನಿಂತವರ ಎದೆಯ ಮೂಲಕ ಅಷ್ಟು ಕರೆಂಟ್ ಹಾಯ್ದರೆ ಜೀವಕ್ಕೇ ಅಪಾಯ. ಅದನ್ನು ತೆಗೆಸಿದ ಬಚ್ಚಲಿಗೆ ಮನೆಯ ಮಕ್ಕಳೂ ಹೋಗುತ್ತಾರೆ. ಇಂಥಲ್ಲಿ ಎಲಿಮೆಂಟ್ ಬದಲಿಸುವುದೊಂದೇ ದಾರಿ.

ನಳದಲ್ಲಿ ನದಿಯ ನೀರು ಬರುತ್ತದಲ್ಲ ಎನ್ನಬಹುದು. ಬಂದಷ್ಟು ದಿನ ಒಳ್ಳೆಯದೇ, ಅದು ಸಾಮಾನ್ಯವಾಗಿ ಬೋರಿನ ನೀರಿಗಿಂತ ಮೆತ್ತಗೆ. ಆದರೆ ಅದು ಬಾರದ ದಿನಗಳಲ್ಲಿ ಬೋರಿನ ನೀರೂ ಅದೇ ಟಾಕಿಗೆ ಏರುತ್ತಿದ್ದರೆ ಸುಣ್ಣ ಬೆಳೆಯಲು ಆ ದಿನಗಳೇ ಸಾಕು. ಸಕ್ಕರೆ ಕಾರ್ಖಾನೆಗಳು ಬಾಯ್ಲರಿಗೆ ಹಸಿ ನೀರು ಹಾಕುವುದಿಲ್ಲ. ಕಬ್ಬಿನ ಹಾಲು ಕಾಯಿಸುವಾಗ ಹಬೆ ತಣಿದು ಸಿಗುವ ನೀರನ್ನೋ, ಗಡಸುತನ ತೆಗೆದ ನೀರನ್ನೋ ಉಣಿಸುತ್ತವೆ. ಮನೆಗೂ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವ ಸಾಫ್ಟನರ್ ಇದೆ. ಪಟಿಕ ಹಾಕಿದರೆ ಕೆಸರು ಕೂತೀತೇ ಹೊರತು ಗಡಸುತನ ಹೋಗದು. ಸಾಫ್ಟನರಿನ ಖರ್ಚು ಬೇಡವೆಂದರೆ ಥರ್ಮೋಸ್ಟಾಟನ್ನು 55ರ ಹತ್ತಿರ ಇಟ್ಟರೂ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ವರ್ಷಕ್ಕೊಮ್ಮೆ ಕರೆಂಟ್ ಪೂರ್ತಿ ತೆಗೆದು, ನೀರು ಖಾಲಿ ಮಾಡಿ, ತಿಳಿದವರಿಂದ ಎಲಿಮೆಂಟ್ ಹೊರತೆಗೆಸಿ ನಿಂಬೆಹುಳಿಯ ಹರಳು ಕರಗಿಸಿದ ನೀರಿನಲ್ಲಿ ನೆನೆಸಬೇಕು. ಸುತ್ತಿಗೆಯಿಂದ ಬಡಿದರೆ ಸುಣ್ಣದ ಜೊತೆ ಕವಚವೂ ಒಡೆಯುತ್ತದೆ. ಗೀಸರಿನ ಟಾಕಿಯನ್ನು ತುಕ್ಕಿನಿಂದ ಕಾಯಲು ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿ ಎಷ್ಟು ಉಳಿದಿದೆ ಎಂದು ಆಗಲೇ ನೋಡಿಸಬೇಕು. ಒತ್ತಡ ಹೊರಬಿಡುವ ವಾಲ್ವನ್ನಂತೂ ಮರೆಯುವಂತಿಲ್ಲ. ಅದರ ಬಾಯಿಗೂ ಸುಣ್ಣ ಕಟ್ಟುತ್ತದೆ. ಕಟ್‌ಔಟನ್ನು ತಂತಿ ಹಾಕಿ ದಾಟಿಸಿರುವ ಗೀಸರಿನಲ್ಲಿ ಥರ್ಮೋಸ್ಟಾಟೂ ಕೈಕೊಟ್ಟು, ಈ ವಾಲ್ವೂ ಮುಚ್ಚಿಕೊಂಡರೆ ಕಾಯುತ್ತಲೇ ಹೋಗುವ ನೀರಿಗೆ ಟಾಕಿಯನ್ನು ಸೀಳಿಕೊಂಡು ಬರುವುದರ ಹೊರತು ದಾರಿ ಉಳಿಯುವುದಿಲ್ಲ.