ಇಂಟೆಲ್ ಸಂಸ್ಥೆಯಲ್ಲಿ ನೌಕರಿ ಕಡಿತ: ನಷ್ಟದ ಅಂಕಿಗಳ ಹಿಂದಿನ ಲೆಕ್ಕ

ಗಣಕಯಂತ್ರಗಳ ಚಿಪ್ ಎಂದೊಡನೆ ನೆನಪಾಗುವ ಹೆಸರು ಅಮೆರಿಕದ ಇಂಟೆಲ್. ಈ ಸಂಸ್ಥೆಯು 2024ರ ಆಗಸ್ಟ್ 1ರಂದು ಸುಮಾರು 15,000 ಹುದ್ದೆಗಳನ್ನು, ಅಂದರೆ ಒಟ್ಟು ನೌಕರವರ್ಗದಲ್ಲಿ ಶೇ. 15ಕ್ಕೂ ಹೆಚ್ಚು ಭಾಗವನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. 1992ರಿಂದ ಷೇರುದಾರರಿಗೆ ನೀಡುತ್ತ ಬಂದಿದ್ದ ಲಾಭಾಂಶವನ್ನು ಆ ವರ್ಷದ ಕೊನೆಯ ತ್ರೈಮಾಸಿಕದಿಂದ ಸ್ಥಗಿತಗೊಳಿಸುವ ನಿರ್ಧಾರವೂ ಅದೇ ದಿನ ಹೊರಬಿದ್ದಿತು. 2023ರ ಅಂತ್ಯದಲ್ಲಿ 1,24,800 ಇದ್ದ ನೌಕರರ ಸಂಖ್ಯೆ 2024ರ ಅಂತ್ಯಕ್ಕೆ 1,08,900ಕ್ಕೆ ಇಳಿಯಿತು. 2025ರ ಮಾರ್ಚ್‌ನಲ್ಲಿ ಮುಖ್ಯಾಧಿಕಾರಿಯಾಗಿ ಅಧಿಕಾರ ವಹಿಸಿಕೊಂಡ ಲಿಪ್-ಬು ಟಾನ್ ಅವರು, ಮೂಲ ನೌಕರವರ್ಗವನ್ನು ಆ ವರ್ಷಾಂತ್ಯದೊಳಗೆ ಸುಮಾರು 75,000ಕ್ಕೆ ಇಳಿಸುವ ಗುರಿಯನ್ನು ಜುಲೈ ತಿಂಗಳಲ್ಲಿ ಪ್ರಕಟಿಸಿದರು.

ಸಂಬಳದ ವೆಚ್ಚ ಹೆಚ್ಚಾದುದರಿಂದ ಸಂಸ್ಥೆ ಸೊರಗಿತು, ಜನರನ್ನು ಕಡಿಮೆ ಮಾಡಿದರೆ ಚೇತರಿಸಿಕೊಳ್ಳುತ್ತದೆ ಎಂಬ ಸರಳ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಇಂಟೆಲ್‌ನ ವಾರ್ಷಿಕ ಲೆಕ್ಕಪತ್ರಗಳು ಬೇರೆಯೇ ಸಂಗತಿಯನ್ನು ತಿಳಿಸುತ್ತವೆ. ಅಲ್ಲಿನ ಮುಖ್ಯ ವ್ಯಾಧಿ ಸಂಬಳದ್ದಲ್ಲ. ಬೇಡಿಕೆ ಖಚಿತವಾಗುವ ಮೊದಲೇ ಕಟ್ಟಿದ ಉತ್ಪಾದನಾ ಸಾಮರ್ಥ್ಯದ್ದು. ಈ ವ್ಯಾಧಿಯು ಬೃಹತ್ ಸಂಸ್ಥೆಗಳಿಗಷ್ಟೇ ಸೀಮಿತವಲ್ಲವಾದ್ದರಿಂದ ಸಣ್ಣ ಉದ್ದಿಮೆದಾರರು ಇದನ್ನು ಅರಿಯುವುದು ಉಪಯುಕ್ತ.

ಆದಾಯ ಕುಸಿದ ಬಗೆ

ಇಂಟೆಲ್‌ನ ಆದಾಯವು 2021ರಲ್ಲಿ 7,900 ಕೋಟಿ ಡಾಲರ್ ಇತ್ತು. ಅದು 2022ರಲ್ಲಿ 6,310 ಕೋಟಿಗೂ, 2023ರಲ್ಲಿ 5,420 ಕೋಟಿಗೂ, 2024ರಲ್ಲಿ 5,310 ಕೋಟಿಗೂ ಇಳಿಯಿತು. ನಿವ್ವಳ ಲಾಭವು ಇದೇ ಅವಧಿಯಲ್ಲಿ 1,990 ಕೋಟಿಯಿಂದ 800 ಕೋಟಿಗೆ, ಅನಂತರ 170 ಕೋಟಿಗೆ ಕುಸಿದು, 2024ರಲ್ಲಿ 1,880 ಕೋಟಿ ಡಾಲರ್ ನಷ್ಟವಾಗಿ ಪರಿಣಮಿಸಿತು.

ಕುಸಿತದ ಬೇರುಗಳು ಇನ್ನೂ ಹಿಂದಿನವು. 2016ರ ಸುಮಾರಿಗೆ ಬರಬೇಕಾಗಿದ್ದ 10 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್‌ಗಳು ಹೆಚ್ಚಿನ ಪ್ರಮಾಣದಲ್ಲಿ ಹೊರಬಂದದ್ದು 2019ರಲ್ಲಿ. ಈ ವಿಳಂಬದ ಅವಧಿಯಲ್ಲಿ ತೈವಾನಿನ ಟಿಎಸ್‌ಎಂಸಿ ಸಂಸ್ಥೆಯು ತಂತ್ರಜ್ಞಾನದಲ್ಲಿ ಮುಂದೆ ಸಾಗಿತು. ಆಪಲ್ ಸಂಸ್ಥೆಯು 2020ರಿಂದ ತನ್ನ ಗಣಕಯಂತ್ರಗಳಲ್ಲಿ ಸ್ವಂತ ವಿನ್ಯಾಸದ ಚಿಪ್‌ಗಳನ್ನು ಬಳಸತೊಡಗಿತು. ಕೋವಿಡ್ ಕಾಲದಲ್ಲಿ ಏರಿದ್ದ ಗಣಕಯಂತ್ರಗಳ ಬೇಡಿಕೆಯು 2022ರಲ್ಲಿ ಇಳಿಯಿತು. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್‌ಗಳ ಹೊಸ ಮಾರುಕಟ್ಟೆಯು ಎನ್‌ವಿಡಿಯಾ ಸಂಸ್ಥೆಯ ಪಾಲಾಗಿತ್ತು.

ಆದಾಯ ಇಳಿಯುತ್ತಿದ್ದ ಇದೇ ವರ್ಷಗಳಲ್ಲಿ ಸಂಸ್ಥೆಯು ಹೊಸ ಕಾರ್ಖಾನೆಗಳನ್ನು ಘೋಷಿಸಿತು. 2021ರಲ್ಲಿ ಅರಿಜೋನಾ ರಾಜ್ಯಕ್ಕೆ 2,000 ಕೋಟಿ ಡಾಲರ್, 2022ರಲ್ಲಿ ಓಹಾಯೋ ರಾಜ್ಯಕ್ಕೆ 2,000 ಕೋಟಿಗೂ ಅಧಿಕ, ಅದೇ ವರ್ಷ ಜರ್ಮನಿಯ ಮಾಗ್ಡೆಬರ್ಗ್ ನಗರಕ್ಕೆ 1,700 ಕೋಟಿ ಯೂರೋ ಹೂಡಿಕೆಯ ಯೋಜನೆಗಳು ಹೊರಬಂದವು. ತನ್ನ ಚಿಪ್‌ಗಳೊಂದಿಗೆ ಅನ್ಯ ಸಂಸ್ಥೆಗಳ ಚಿಪ್‌ಗಳನ್ನೂ ಕೂಲಿಗೆ ತಯಾರಿಸಿಕೊಟ್ಟು ಈ ಕಾರ್ಖಾನೆಗಳನ್ನು ತುಂಬಬಹುದೆಂಬುದು ಲೆಕ್ಕಾಚಾರವಾಗಿತ್ತು. ಕಾರ್ಖಾನೆಗಳ ಕೆಲಸ ಮುಂದುವರಿಯಿತು. ನಿರೀಕ್ಷಿಸಿದ ಪ್ರಮಾಣದಲ್ಲಿ ಗಿರಾಕಿಗಳು ಬರಲಿಲ್ಲ.

ಸ್ಥಿರ ವೆಚ್ಚದ ಭಾರ

ಚಿಪ್ ತಯಾರಿಕೆಯಲ್ಲಿ ಕಚ್ಚಾಮಾಲಿನ ಪಾಲಿಗಿಂತ ಯಂತ್ರಗಳ ಪಾಲು ಬಹಳ ದೊಡ್ಡದು. ಅತಿ ಸೂಕ್ಷ್ಮ ರಚನೆಗಳನ್ನು ಬೆಳಕಿನಿಂದ ಮುದ್ರಿಸುವ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಸಂಸ್ಥೆ ತಯಾರಿಸುವ ಒಂದೊಂದು ಯಂತ್ರಕ್ಕೆ 15 ಕೋಟಿ ಡಾಲರಿಗೂ ಅಧಿಕ ಬೆಲೆಯಿದೆ. ಯಂತ್ರ ಓಡಿದರೂ ನಿಂತರೂ ಸವಕಳಿಯ ಕಂತು ತಪ್ಪುವುದಿಲ್ಲ.

ಇದನ್ನು ಸಣ್ಣ ಉದಾಹರಣೆಯೊಂದರಿಂದ ತಿಳಿಯಬಹುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಒಂದು ಘಟಕವು 60 ಲಕ್ಷ ರೂಪಾಯಿಯ ಸಿಎನ್‌ಸಿ ಯಂತ್ರವನ್ನು ಕೊಂಡಿತೆನ್ನೋಣ. ಸ್ಥಿರ ಕಂತಿನ ಪದ್ಧತಿಯಂತೆ 5 ವರ್ಷಕ್ಕೆ ಹಂಚಿದರೆ ವಾರ್ಷಿಕ ಸವಕಳಿ 12 ಲಕ್ಷ ರೂಪಾಯಿ. ವರ್ಷಕ್ಕೆ 24,000 ಬಿಡಿಭಾಗಗಳು ತಯಾರಾದರೆ ಒಂದೊಂದರ ಮೇಲೆ ಬೀಳುವ ಸವಕಳಿ 50 ರೂಪಾಯಿ. ಆರ್ಡರುಗಳು ಅರ್ಧಕ್ಕಿಳಿದು 12,000 ಮಾತ್ರ ತಯಾರಾದರೆ 100 ರೂಪಾಯಿ. ಈಗ ವರ್ಷಕ್ಕೆ 2 ಲಕ್ಷ 40 ಸಾವಿರ ರೂಪಾಯಿ ಸಂಬಳದ ಒಬ್ಬ ಕೆಲಸಗಾರನನ್ನು ತೆಗೆದುಹಾಕಿದರೆ ಬಿಡಿಭಾಗವೊಂದಕ್ಕೆ 20 ರೂಪಾಯಿ ಉಳಿಯುತ್ತದೆ. ಏರಿದ ಭಾರ 50 ರೂಪಾಯಿ, ಉಳಿದದ್ದು 20. ಮಿಕ್ಕ 30 ರೂಪಾಯಿಗೆ ಹೊಸ ಆರ್ಡರಲ್ಲದೆ ಅನ್ಯ ಪರಿಹಾರವಿಲ್ಲ.

ಇಂಟೆಲ್‌ನ ಉತ್ಪಾದನಾ ವಿಭಾಗದ ಸ್ಥಿತಿಯೂ ಇದೇ. 2024ರಲ್ಲಿ ಆ ವಿಭಾಗದ ಆದಾಯ ಸುಮಾರು 1,750 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಇಂಟೆಲ್‌ನದೇ ಇತರ ವಿಭಾಗಗಳಿಂದ ಬಂದದ್ದು. ಕಾರ್ಯಾಚರಣೆಯ ನಷ್ಟ ಸುಮಾರು 1,340 ಕೋಟಿ ಡಾಲರ್. ಹಿಂದಿನ ವರ್ಷದ ನಷ್ಟ 700 ಕೋಟಿಯಾಗಿತ್ತು. ಟಿಎಸ್‌ಎಂಸಿಯ ಯಂತ್ರಗಳನ್ನು ಅನೇಕ ಗಿರಾಕಿಗಳ ಆರ್ಡರುಗಳು ತುಂಬುತ್ತವೆ. ಒಬ್ಬರ ಬೇಡಿಕೆ ತಗ್ಗಿದರೆ ಮತ್ತೊಬ್ಬರದು ಆಸರೆಯಾಗುತ್ತದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಸಂಸ್ಥೆಯು ಇದೇ ಭಾರವನ್ನು ತಾಳಲಾರದೆ 2009ರಲ್ಲಿಯೇ ತನ್ನ ಕಾರ್ಖಾನೆಗಳನ್ನು ಪ್ರತ್ಯೇಕ ಸಂಸ್ಥೆಯಾಗಿ ಬೇರ್ಪಡಿಸಿ, ವಿನ್ಯಾಸಕ್ಕೆ ತನ್ನನ್ನು ಸೀಮಿತಗೊಳಿಸಿಕೊಂಡಿತು.

ಸವಕಳಿಯ ವರ್ಷಗಳು

ಇಂಟೆಲ್ ಸಂಸ್ಥೆಯು 2023ರ ಜನವರಿಯಿಂದ ಕೆಲವು ಉತ್ಪಾದನಾ ಯಂತ್ರಗಳ ಉಪಯುಕ್ತ ಆಯುಷ್ಯವನ್ನು 5 ವರ್ಷಗಳಿಂದ 8 ವರ್ಷಗಳಿಗೆ ಏರಿಸಿತು. ಇದರಿಂದ ಆ ವರ್ಷದ ಸವಕಳಿಯು ಸುಮಾರು 420 ಕೋಟಿ ಡಾಲರಿನಷ್ಟು ಕಡಿಮೆಯಾಗುವುದೆಂದು ಸಂಸ್ಥೆಯೇ ಅಂದಾಜು ಮಾಡಿತ್ತು. ಅದರಲ್ಲಿ ಒಂದು ಭಾಗ ದಾಸ್ತಾನಿನ ಮೌಲ್ಯದೊಳಗೆ ಸೇರಿ, ಉಳಿದದ್ದು ಲಾಭಕ್ಕೆ ನೆರವಾಗುವಂಥದು. ಬದಲಾವಣೆಯನ್ನು ಬಹಿರಂಗವಾಗಿ ಪ್ರಕಟಿಸಲಾಗಿತ್ತು, ನಿಯಮಬಾಹಿರವೇನೂ ಇರಲಿಲ್ಲ. ಆದರೆ ಆ ವರ್ಷದ ನಿವ್ವಳ ಲಾಭ 170 ಕೋಟಿ ಮಾತ್ರ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಒಂದು ಅಂದಾಜಿನ ತೂಕ ತಿಳಿಯುತ್ತದೆ.

ಮರುವರ್ಷವೇ ಲೆಕ್ಕ ತಿರುಗಿತು. 2024ರ ಮೂರನೆಯ ತ್ರೈಮಾಸಿಕದಲ್ಲಿ ಮುಖ್ಯವಾಗಿ ಇಂಟೆಲ್ 7 ಎಂಬ ತಂತ್ರಜ್ಞಾನದ ಯಂತ್ರಗಳ ಮೇಲೆ ಸುಮಾರು 310 ಕೋಟಿ ಡಾಲರ್ ಹೆಚ್ಚುವರಿ ಸವಕಳಿ ಹಾಗೂ ಮೌಲ್ಯಹಾನಿಯನ್ನು ಖರ್ಚು ಬರೆಯಬೇಕಾಯಿತು. ಮೇಲಿನ ಉದಾಹರಣೆಯ ಯಂತ್ರದ ಆಯುಷ್ಯವನ್ನು 8 ವರ್ಷಕ್ಕೇರಿಸಿದರೆ ಸವಕಳಿ 12 ಲಕ್ಷದಿಂದ ಏಳೂವರೆ ಲಕ್ಷಕ್ಕಿಳಿದು, ಪುಸ್ತಕದಲ್ಲಿ ನಾಲ್ಕೂವರೆ ಲಕ್ಷ ಲಾಭ ಹೆಚ್ಚಾಗಿ ಕಾಣುತ್ತದೆ. ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ.

ನಷ್ಟ ಬೇರೆ, ನಗದು ಬೇರೆ

ಆ ಒಂದೇ ತ್ರೈಮಾಸಿಕದಲ್ಲಿ ಇಂಟೆಲ್ ತೋರಿಸಿದ ನಷ್ಟ 1,660 ಕೋಟಿ ಡಾಲರ್. ಇದರಲ್ಲಿ ಅತಿ ದೊಡ್ಡ ಅಂಶ, ಸುಮಾರು 990 ಕೋಟಿ ಡಾಲರ್, ಮುಂದೂಡಲ್ಪಟ್ಟ ತೆರಿಗೆ ಆಸ್ತಿಗೆ ಸಂಬಂಧಿಸಿದ್ದು. ಇಂದಿನ ನಷ್ಟ ಮತ್ತು ತೆರಿಗೆ ರಿಯಾಯಿತಿಗಳನ್ನು ಮುಂದಿನ ವರ್ಷಗಳ ಲಾಭದ ಎದುರು ವಜಾ ಮಾಡಿಕೊಳ್ಳಬಹುದೆಂಬ ಭರವಸೆಯ ಮೇಲೆ ಅಢಾವೆ ಪತ್ರಿಕೆಯಲ್ಲಿ ತೋರಿಸುವ ಆಸ್ತಿಯಿದು. ಲಾಭವೇ ಬರುವುದು ಸಂದೇಹವೆಂದಾದಾಗ ಲೆಕ್ಕ ಪದ್ಧತಿಯು ಈ ಆಸ್ತಿಯನ್ನು ತಗ್ಗಿಸಲು ಹೇಳುತ್ತದೆ. ನಗದು ಹೊರಹೋಗುವುದಿಲ್ಲ, ಭರವಸೆ ಕುಂದಿತೆಂದು ಪುಸ್ತಕ ಒಪ್ಪಿಕೊಳ್ಳುತ್ತದೆ, ಅಷ್ಟೆ. ಸುಮಾರು 290 ಕೋಟಿ ಡಾಲರ್ ಗುಡ್‌ವಿಲ್ ತಗ್ಗಿಸಿದ್ದೂ ಇದೇ ಬಗೆಯದು. ಪುನರ್ರಚನೆಗೆಂದು ತೋರಿಸಿದ 280 ಕೋಟಿ ಡಾಲರ್ ಹಾಗಲ್ಲ. ಅದರ ಬಹುಪಾಲು ನೌಕರರಿಗೂ ಇತರರಿಗೂ ನಗದಾಗಿ ಸಲ್ಲಬೇಕಾದುದು. ನೌಕರಿ ಕಡಿತವೂ ಮೊದಲು ಒಂದು ಖರ್ಚೇ.

ನಿಜವಾದ ಬಿಕ್ಕಟ್ಟು ನಗದು ಹರಿವಿನ ತಃಖ್ತೆಯಲ್ಲಿದೆ. 2024ರಲ್ಲಿ ವ್ಯವಹಾರದಿಂದ ಬಂದ ನಗದು ಸುಮಾರು 830 ಕೋಟಿ ಡಾಲರ್. ಕಟ್ಟಡ ಮತ್ತು ಯಂತ್ರಗಳಿಗೆ ಹೋದದ್ದು ಸುಮಾರು 2,390 ಕೋಟಿ ಡಾಲರ್. ಬಂದ ಒಂದಕ್ಕೆ ಹೆಚ್ಚುಕಡಿಮೆ ಮೂರರಷ್ಟು ಖರ್ಚು. ಈ ಅಂತರವನ್ನು ಸಾಲ, ಪಾಲುದಾರರ ಹಣ ಅಥವಾ ಆಸ್ತಿ ಮಾರಾಟದಿಂದಲೇ ತುಂಬಬೇಕು. ನೌಕರಿ ಕಡಿತದಿಂದ ಕೊಂಚ ಕಾಲಾವಕಾಶ ಸಿಗಬಹುದೇ ಹೊರತು ಅಂತರ ಮುಚ್ಚುವುದಿಲ್ಲ.

ಲೇ-ಆಫ್: ಒಂದು ಪದ, ಎರಡು ಅರ್ಥ

ಅಮೆರಿಕದ ಸುದ್ದಿಗಳಲ್ಲಿ ಲೇ-ಆಫ್ ಎಂದರೆ ಸಾಮಾನ್ಯವಾಗಿ ನೌಕರಿಯೇ ಹೋಗುವುದು. ಅಲ್ಲಿನ ಕೇಂದ್ರ ಕಾನೂನಿನಂತೆ 100 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಸಾಮೂಹಿಕ ಕಡಿತಕ್ಕೆ 60 ದಿನ ಮುಂಚಿತವಾಗಿ ತಿಳಿವಳಿಕೆ ನೀಡಬೇಕು. ಇಂಟೆಲ್‌ನ ಅತಿ ದೊಡ್ಡ ನೆಲೆಯಾದ ಒರೆಗಾನ್ ರಾಜ್ಯದಲ್ಲಿ 2025ರ ಜುಲೈನಲ್ಲಿ ಸುಮಾರು 2,400 ಹುದ್ದೆಗಳಿಗೆ ಇಂತಹ ತಿಳಿವಳಿಕೆ ನೀಡಲಾಯಿತು.

ಭಾರತದ ಕಾನೂನಿನಲ್ಲಿ ಲೇ-ಆಫ್ ಎಂದರೆ ಕಚ್ಚಾಮಾಲು ಅಥವಾ ವಿದ್ಯುತ್ತಿನ ಅಭಾವದಂತಹ ಕಾರಣದಿಂದ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿರುವುದು. ನೌಕರಿ ಉಳಿದಿರುತ್ತದೆ, ಅರ್ಹ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಲ್ಲಬೇಕು. ಹೆಚ್ಚುವರಿ ಕಾರ್ಮಿಕರನ್ನು ಶಾಶ್ವತವಾಗಿ ತೆಗೆಯುವುದು ರಿಟ್ರೆಂಚ್‌ಮೆಂಟ್. ಒಂದು ವರ್ಷದ ಸತತ ಸೇವೆಯಾಗಿದ್ದರೆ ಒಂದು ತಿಂಗಳ ನೋಟಿಸು ಅಥವಾ ಅದರ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಇದರೊಂದಿಗೆ, ತೆಗೆದುಹಾಕಿದ ಪ್ರತಿ ಕಾರ್ಮಿಕನ 15 ದಿನಗಳ ವೇತನವನ್ನು ಮರುಕೌಶಲ ನಿಧಿಗೆ ಸಲ್ಲಿಸಲು ಮಾಲೀಕರಿಗೆ ವಿಧಿಸಿದೆ. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳು ಸರ್ಕಾರದ ಪೂರ್ವಾನುಮತಿ ಪಡೆಯಬೇಕು.

ಅನಿಶ್ಚಿತ ಭವಿಷ್ಯ

2025ರ ಜುಲೈನಲ್ಲಿ ಇಂಟೆಲ್ ಸಂಸ್ಥೆಯು ಜರ್ಮನಿ ಮತ್ತು ಪೋಲೆಂಡಿನ ಯೋಜನೆಗಳನ್ನು ಕೈಬಿಟ್ಟಿತು. ಓಹಾಯೋ ಕಾರ್ಖಾನೆಯ ಆರಂಭ 2030ರ ಆಚೀಚೆಗೆ ಮುಂದೂಡಲ್ಪಟ್ಟಿದೆ. ಸಾಕಷ್ಟು ಬೇಡಿಕೆಯಿಲ್ಲದೆ ಅತಿ ಬೇಗ, ಅತಿ ಹೆಚ್ಚು ಹೂಡಿಕೆಯಾಯಿತೆಂದು ಹೊಸ ಮುಖ್ಯಾಧಿಕಾರಿಗಳು ನೌಕರರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. 14ಎ ಎಂಬ ಮುಂದಿನ ತಂತ್ರಜ್ಞಾನಕ್ಕೆ ದೊಡ್ಡ ಹೊರಗಿನ ಗಿರಾಕಿ ದೊರೆಯದಿದ್ದರೆ ಅದನ್ನು ನಿಲ್ಲಿಸಬೇಕಾದೀತೆಂಬ ಎಚ್ಚರಿಕೆಯನ್ನೂ ಸಂಸ್ಥೆಯು ಆ ತಿಂಗಳು ನೀಡಿತು.

2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವು ಷೇರಿಗೆ 20.47 ಡಾಲರಿನಂತೆ ಸುಮಾರು ಶೇ. 10ರಷ್ಟು ಪಾಲು ಪಡೆಯಲು ಒಪ್ಪಂದ ಮಾಡಿಕೊಂಡಿತು. ಇದರ ಮೊತ್ತ 890 ಕೋಟಿ ಡಾಲರ್. ಸಂಸ್ಥೆಗೆ ಸಹಾಯಧನವಾಗಿ ಬರಬೇಕಾಗಿದ್ದ ಹಣವೇ ಹೀಗೆ ಷೇರು ಬಂಡವಾಳವಾಯಿತು. ಸಾಫ್ಟ್‌ಬ್ಯಾಂಕ್ 200 ಕೋಟಿ, ಎನ್‌ವಿಡಿಯಾ 500 ಕೋಟಿ ಡಾಲರ್ ಹೂಡಲು ಮುಂದಾದವು. ಅರಿಜೋನಾದ ಹೊಸ ಕಾರ್ಖಾನೆಯಲ್ಲಿ 18ಎ ತಂತ್ರಜ್ಞಾನದ ಉತ್ಪಾದನೆಯೂ ಅದೇ ವರ್ಷ ಆರಂಭವಾಯಿತು. ಬಂಡವಾಳ ದೊರೆತಿದೆ, ಯಂತ್ರಗಳನ್ನು ತುಂಬುವ ಗಿರಾಕಿಗಳ ಮೇಲೆ ಮಿಕ್ಕದ್ದು ನಿಂತಿದೆ.

ವರ್ತಕರೂ ಉದ್ದಿಮೆದಾರರೂ ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಸಹಾಯಧನ ಅಥವಾ ಸುಲಭ ಸಾಲ ದೊರೆಯುತ್ತದೆಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳಬಾರದು. ಅರ್ಧ ಸಾಮರ್ಥ್ಯದಲ್ಲಿ ಓಡಿದರೂ ಬ್ಯಾಂಕಿನ ಕಂತು ಕಟ್ಟಲಾದೀತೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಎರಡನೆಯದಾಗಿ, ಯಂತ್ರದ ಆಯುಷ್ಯವನ್ನು ವರ್ಷಕ್ಕೊಮ್ಮೆ ಪ್ರಾಮಾಣಿಕವಾಗಿ ಪರಿಶೀಲಿಸಬೇಕು. ಆದಾಯ ತೆರಿಗೆಗೆ ಸವಕಳಿಯ ದರಗಳು ನಿಗದಿಯಾಗಿರುವುದರಿಂದ, ಪುಸ್ತಕದಲ್ಲಿ ಆಯುಷ್ಯ ಹಿಗ್ಗಿಸಿದರೆ ತೆರಿಗೆಯೇನೂ ಬದಲಾಗದು. ಮಾಲೀಕನೇ ತನ್ನ ಲಾಭದ ಬಗ್ಗೆ ಭ್ರಮೆಗೊಳಗಾಗುತ್ತಾನೆ.

ಮೂರನೆಯದಾಗಿ, ಒಂದೇ ದೊಡ್ಡ ಗಿರಾಕಿಯನ್ನು ನಂಬಿದ ಪೂರೈಕೆದಾರರು ಆ ಗಿರಾಕಿಯ ನಗದು ಹರಿವಿನ ತಃಖ್ತೆಯನ್ನು ಓದಬೇಕು. ಲಾಭಾಂಶ ಇಳಿಕೆ, ಯೋಜನೆಗಳ ಮುಂದೂಡಿಕೆ, ಬಿಲ್ಲು ಪಾವತಿಯಲ್ಲಿ ವಿಳಂಬ, ಇವು ನೌಕರಿ ಕಡಿತಕ್ಕಿಂತ ಮೊದಲೇ ಕಾಣಿಸಬಹುದಾದ ಲಕ್ಷಣಗಳು. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಡೆಯುವ ಹಕ್ಕನ್ನು 2006ರ ಕಾಯಿದೆ ನೀಡಿದೆ. ಅದನ್ನು ಗಿರಾಕಿ ಸದೃಢನಾಗಿರುವಾಗಲೇ ಬಳಸುವುದು ಲೇಸು.

ನಾಲ್ಕನೆಯದಾಗಿ, ಗಣಕಯಂತ್ರ ವ್ಯಾಪಾರಿಗಳು ದಾಸ್ತಾನು ಮತ್ತು ವಾರಂಟಿ ಪತ್ರಗಳ ಬಗ್ಗೆ ಎಚ್ಚರ ವಹಿಸಬೇಕು. 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ದೋಷ ಕಂಡುಬಂದುದರಿಂದ ಇಂಟೆಲ್ 2024ರಲ್ಲಿ ಅವುಗಳ ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಮಾರಾಟದ ಬಿಲ್ಲುಗಳನ್ನು ಕಾಪಾಡಿಟ್ಟವರಿಗೆ ಮಾತ್ರ ಇದರ ಪ್ರಯೋಜನವನ್ನು ಗ್ರಾಹಕರಿಗೆ ತಲುಪಿಸುವುದು ಸುಲಭ.

ಕೊನೆಯದಾಗಿ, ನುರಿತ ಕೆಲಸಗಾರನ ಕೌಶಲವು ಅಢಾವೆ ಪತ್ರಿಕೆಯ ಯಾವ ಕಲಮಿನಲ್ಲೂ ಕಾಣಿಸದು. ಆದ್ದರಿಂದಲೇ ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೆ. ಮಾರಿದ ಯಂತ್ರವನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ಹತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತು ಪಳಗಿದ ಕೈ ಬೇರೆ ಊರಿನ ಬೇರೆ ಘಟಕಕ್ಕೆ ಹೋದ ಮೇಲೆ, ಆರ್ಡರು ಮರಳಿ ಬಂದರೂ ಅದು ಮರಳುವುದಿಲ್ಲ. ಕಡಿತದ ಪಟ್ಟಿಗೆ ಸಹಿ ಹಾಕುವ ಮುನ್ನ, ಉಳಿತಾಯವಾಗುವ ಸಂಬಳದ ಜೊತೆಗೆ ಈ ಬೆಲೆಯನ್ನೂ ಬರೆದು ಕೂಡಿಸಿ ನೋಡುವುದು ಜಾಣತನ.